ಐದನೇ ಪೆಟ್ಟಿಗೆಯ ಸೈಕಲ್

ಫೆಬ್ರವರಿ 3, ಮಂಗಳವಾರ. ಬೆಳಿಗ್ಗೆ ಹನ್ನೊಂದು ಹತ್ತಕ್ಕೆ ಅಹಮದಾಬಾದಿನ ಬೋಡಕ್‌ದೇವ್ ಠಾಣೆಗೆ ಒಬ್ಬ ಹೆಂಗಸು ಬಂದು ತಮ್ಮ ಸೈಕಲ್ ಕಳುವಾಗಿದೆ ಎಂದರು. ದೂರು ಬರೆದುಕೊಳ್ಳುವ ಕಾನುಭಾಯಿ ತಲೆಯೆತ್ತದೆ ಕೇಳಿದ.

"ಯಾವ ಮರಕ್ಕೆ ಕಟ್ಟಿದ್ರಿ?"

"ಮರಕ್ಕಲ್ಲ. ಪೆಟ್ಟಿಗೆಯಲ್ಲಿತ್ತು. ಪೆಟ್ಟಿಗೆ ಇದೆ, ಸೈಕಲ್ ಇಲ್ಲ."

ಕಾನುಭಾಯಿ ಆಗ ತಲೆಯೆತ್ತಿದ.

ಪಕ್ಕದ ಮೇಜಿನಲ್ಲಿದ್ದ ಕಾನ್‌ಸ್ಟೆಬಲ್ ಮೇದಿನಿಗೆ ಆ ಹಿಂದಿಯ ಹಿಂದೆ ಕನ್ನಡ ಕೇಳಿಸಿತು. ಅವಳ ತಂದೆ ಗದಗದಿಂದ ರೈಲ್ವೆ ಕೆಲಸಕ್ಕೆ ಬಂದು ಸಾಬರಮತಿಯಲ್ಲೇ ನೆಲೆ ನಿಂತವರು. ಠಾಣೆಯಲ್ಲಿ ಅವಳು ಮಾತು ಕಡಿಮೆ, ನೋಡುವುದು ಹೆಚ್ಚು. ಎದ್ದು ಕುರ್ಚಿ ಸರಿಸಿದಳು.

"ಕುಂದರ್ರಿ ಅಮ್ಮಾರ. ಕನ್ನಡದಾಗ ಹೇಳ್ರಿ."

ಹೆಂಗಸಿನ ಹೆಸರು ಇಂದಿರಾ. ವಯಸ್ಸು ಐವತ್ತೇಳು, ಊರು ತುಮಕೂರು. ವಿಮಾ ಕಚೇರಿಯಿಂದ ಸ್ವಯಂ ನಿವೃತ್ತಿ ಪಡೆದವರು. ಗಂಡ ಲಿಂಗರಾಜ ವಡೋದರಾ ಬಳಿಯ ಕೊಯಾಲಿಯ ತೈಲಾಗಾರದಲ್ಲಿ ಫೋರ್‌ಮನ್. ವಾಸ ಅಲ್ಲಿಯ ಕ್ವಾರ್ಟರ್ಸ್‌ನಲ್ಲಿ. ಐವತ್ತೊಂದನೇ ವಯಸ್ಸಿಗೆ ಆ ಟೌನ್‌ಶಿಪ್ಪಿನ ರಸ್ತೆಯಲ್ಲೇ ಅವರು ಸೈಕಲ್ ಕಲಿತದ್ದು. 'ಪಗದಂಡಿ' ಎಂಬ ಪ್ರವಾಸ ಸಂಸ್ಥೆಯ ಜೊತೆ ಎಂಟು ಜನ ಶ್ರೀಲಂಕಾಕ್ಕೆ ಹೊರಟಿದ್ದರು. ಪಡುವಣ ಕಡಲಿನಿಂದ ಮೂಡಣ ಕಡಲಿನವರೆಗೆ, ದ್ವೀಪದ ಅಡ್ಡಕ್ಕೆ, ಏಳು ದಿನ ಸೈಕಲ್ ಸವಾರಿ. ಶುಕ್ರವಾರ ಬೆಳಿಗ್ಗೆ ಆರು ಹತ್ತಕ್ಕೆ ವಿಮಾನ.

ಎಂಟೂ ಸೈಕಲ್‌ಗಳನ್ನು ಭಾನುವಾರವೇ ಬಿಚ್ಚಿ ರಟ್ಟಿನ ಪೆಟ್ಟಿಗೆಗಳಲ್ಲಿ ಕಟ್ಟಿಡಲಾಗಿತ್ತು. ಕೈಗವಸು ಒಳಗೇ ಉಳಿಯಿತೆಂದು ಇಂದಿರಾ ಈ ದಿನ ತಮ್ಮ ಐದನೇ ನಂಬರಿನ ಪೆಟ್ಟಿಗೆ ತೆಗೆಸಿದರು. ಕೈಗವಸು ಸಿಕ್ಕಿತು.

"ಬ್ಯಾರೆ ಸೈಕಲ್ ತಗೊಂಡು ಹೋಗಾಕ ಬರಂಗಿಲ್ಲೇನ್ರಿ?"

"ನನ್ನ ಎತ್ತರಕ್ಕೆ ಸಣ್ಣ ಫ್ರೇಮ್ ಬೇಕಮ್ಮ. ತರಿಸೋಕೆ ಎರಡು ವಾರ ಅಂತಾರೆ."

"ಮುಂದಿನ ವರ್ಷ ಹೋದ್ರಾತಲ್ರಿ."

"ಮುಂದಿನ ವರ್ಷ ಆಗಲ್ಲ."

ಟೀ ಲೋಟವನ್ನು ಅವರು ಎಡಗೈಯಲ್ಲಿ ತೆಗೆದುಕೊಂಡದ್ದನ್ನು ಮೇದಿನಿ ನೋಡಿದಳು. ದೂರಿಗೆ ಸಹಿ ಮಾಡುವಾಗ ಪೆನ್ನು ಬಲಗೈಯಲ್ಲಿತ್ತು, ಆದರೆ ಬಲ ಮಣಿಕಟ್ಟನ್ನು ಎಡಗೈ ಹಿಡಿದಿತ್ತು. ಇಂಗ್ಲಿಷಿನ ಆರು ಅಕ್ಷರದ ಸಹಿಗೆ ಎರಡು ಸಲ ನಿಲ್ಲಿಸಿದರು. ಹನ್ನೆರಡು ಐದಕ್ಕೆ ಎಫ್‌ಐಆರ್ ದಾಖಲಾಯಿತು.

ಒಂದೂವರೆಗೆ ಇನ್‌ಸ್ಪೆಕ್ಟರ್ ರಾಠವಾ ಸ್ಥಳ ಪಂಚನಾಮೆಗೆ ಹೋದರು, ಜೊತೆಗೆ ಮೇದಿನಿ. ಪಗದಂಡಿಯ ಕಚೇರಿ ಒಂದು ವಾಣಿಜ್ಯ ಕಟ್ಟಡದ ನೆಲಮಾಳಿಗೆ. ಅಲ್ಲಿದ್ದವರು ಮೂವರು: ಮಾಲೀಕ ಮಂಥನ್, ಲೆಕ್ಕಪತ್ರ ನೋಡುವ ನಿಕಿತಾ, ಮಾರ್ಗದರ್ಶಿ ಗುರುಕಿರಣ. ಗುರುಕಿರಣ ದಾವಣಗೆರೆಯ ಹುಡುಗ, ಮೂವತ್ತೆರಡು ವರ್ಷ. ಗೋದಾಮಿನ ಬೀಗದ ಕೈ ಈ ಮೂವರ ಬಳಿಯೂ ಇತ್ತು.

ಬೀಗ ಒಡೆದಿರಲಿಲ್ಲ. ಭಾನುವಾರ ತೂಗಿದಾಗ ಐದನೇ ಪೆಟ್ಟಿಗೆ ಇಪ್ಪತ್ತೊಂದು ಕಿಲೋ ಇತ್ತು, ಈಗಲೂ ಅಷ್ಟೇ ಇತ್ತು. ಒಳಗೆ ಒಂದು ತುಕ್ಕು ಹಿಡಿದ ಫ್ರೇಮು, ಮೂರು ಇಟ್ಟಿಗೆ. ಇಟ್ಟಿಗೆಗಳನ್ನು ಅಲುಗಾಡದಂತೆ ನೀಟಾಗಿ ಸುತ್ತಿಡಲಾಗಿತ್ತು. ಇಂದಿರಾ ಅವರ ನೀರಿನ ಬಾಟಲಿ, ಹೆಲ್ಮೆಟ್ಟು, ಕೈಗವಸು ಮೇಲುಗಡೆ ಹಾಗೇ ಇದ್ದವು.

"ಪಕ್ಕದ ಪೆಟ್ಟಿಗೆ ಯಾರದು?" ರಾಠವಾ ಕೇಳಿದರು.

"ವಿನಯ್ ಅವರದು, ಸಾಹೇಬ್. ಎರಡೂ ಮುಕ್ಕಾಲು ಲಕ್ಷದ ಸೈಕಲ್," ಎಂದ ಮಂಥನ್.

"ಕಳುವಾದದ್ದು?"

"ಮೂವತ್ತೆಂಟು ಸಾವಿರದ್ದು."

"ಕ್ಯಾಮರಾ?"

"ಉತ್ತರಾಯಣ ಹಬ್ಬದ ದಿನ ಗಾಳಿಪಟದ ಗಾಜುಪುಡಿ ದಾರಕ್ಕೆ ಕೇಬಲ್ ಕತ್ತರಿಸಿಹೋಯ್ತು. ರಿಪೇರಿಯವನು ನಾಳೆ ನಾಳೆ ಅಂತಾನೆ."

ರಾಠವಾ ಗುರುಕಿರಣನ ಕಡೆ ತಿರುಗಿದರು. "ಪೆಟ್ಟಿಗೆ ಕಟ್ಟಿದ್ದು ಯಾರು?"

"ನಾನೇ. ಎಲ್ಲವೂ."

"ಈ ಹೆಂಗಸಿನ ಸವಾರಿ ಹೇಗಿತ್ತು? ಏನಾದರೂ ತೊಂದರೆ?"

"ಇಲ್ಲ ಸರ್. ಚೆನ್ನಾಗಿ ಓಡಿಸ್ತಾರೆ."

ಹೊರಗೆ ಬಂದ ಮೇಲೆ ರಾಠವಾ ಜೀಪಿನ ಬಾನೆಟ್ಟಿಗೆ ಒರಗಿ ನಿಂತರು. "ನನ್ನ ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಹೆಲ್ಮೆಟ್ ಬಿಟ್ಟುಹೋದ ಕಳ್ಳನನ್ನು ನೋಡಿಲ್ಲ. ಇವನಿಗೆ ಸೈಕಲ್ ಬೇಕಿರಲಿಲ್ಲ, ಮೇದಿನಿಬೆನ್. ಅವರು ಹೋಗುವುದು ಬೇಕಿರಲಿಲ್ಲ. ಹೆಂಡತಿ ಹೋಗುವುದು ಬೇಡ ಅನ್ನುವವನು ಯಾರು?"

"ಗಂಡ," ಎಂದಳು ಮೇದಿನಿ. ಹೇಳಿದ ಮೇಲೆ ಆ ಸಹಿ ಕಣ್ಣ ಮುಂದೆ ಬಂತು.

ಬುಧವಾರ ಬೆಳಿಗ್ಗೆ ಏಳೂವರೆಗೆ ಅವರು ಕೊಯಾಲಿಯಲ್ಲಿದ್ದರು. ಲಿಂಗರಾಜ ಬನಿಯನ್ನಿನಲ್ಲೇ ಬಾಗಿಲು ತೆಗೆದರು. ಇಂದಿರಾ ಸೈಕಲ್ ಸಿಗುವ ಆಸೆಗೆ ಅಹಮದಾಬಾದಿನ ಗೆಳತಿಯ ಮನೆಯಲ್ಲೇ ಉಳಿದಿದ್ದರು.

"ಹೆಂಡತಿ ಪ್ರವಾಸ ಹೋಗುವುದು ನಿಮಗೆ ಇಷ್ಟವಿಲ್ಲವಂತೆ," ಎಂದರು ರಾಠವಾ.

"ಇಲ್ಲ. ಇಡೀ ಟೌನ್‌ಶಿಪ್‌ಗೇ ಗೊತ್ತು."

"ಸೋಮವಾರ ಎಲ್ಲಿದ್ದಿರಿ?"

"ಎರಡರಿಂದ ಹತ್ತು ಶಿಫ್ಟು. ಗೇಟಿನಲ್ಲಿ ಪಂಚಿಂಗ್ ಇದೆ, ನೋಡಿಕೊಳ್ಳಿ. ಬೆಳಿಗ್ಗೆ ಇಲ್ಲೇ ಇದ್ದೆ, ಹಾಲಿನವನನ್ನು ಕೇಳಿ." ಆಮೇಲೆ ಮೇದಿನಿಯ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು. "ಅವಳ ಸೈಕಲ್ ಮುಟ್ಟೋ ಧೈರ್ಯ ನಂಗಿದ್ದಿದ್ರೆ, ಮೂವತ್ತು ವರ್ಷದಿಂದ ಅವಳ ಉಪ್ಪಿಲ್ಲದ ಉಪ್ಪಿಟ್ಟು ತಿಂತಿದ್ನೇನಮ್ಮ?"

ರಾಠವಾ ಫೋನಿನಲ್ಲಿ ಗೇಟಿನವರನ್ನು ವಿಚಾರಿಸಲು ಹೊರಗೆ ಹೋದರು. ಮೇದಿನಿ ನೀರು ಕೇಳಿ ಅಡುಗೆಮನೆಗೆ ಬಂದಳು. ಕಟ್ಟೆಯ ಮೇಲೆ ಬೇಳೆ, ಸಕ್ಕರೆ, ಸಾರಿನ ಪುಡಿ ಡಬ್ಬಿಗಳು ಸಾಲಾಗಿದ್ದವು. ಎಲ್ಲದರ ಮುಚ್ಚಳವೂ ಸಡಿಲ, ಸುಮ್ಮನೆ ಮೇಲಿಟ್ಟಂತೆ.

"ಇವು ಹಿಂಗ್ಯಾಕ ಅದಾವ್ರಿ ಅಪ್ಪಾರ?"

ಲಿಂಗರಾಜ ಒಂದು ಮುಚ್ಚಳ ಎತ್ತಿ ಮತ್ತೆ ಹಾಗೇ ಮೇಲಿಟ್ಟರು.

"ಡ್ಯೂಟಿಗೆ ಹೋಗೋ ಮುಂಚೆ ನಾನೇ ಸಡಿಲ ಮಾಡಿಟ್ಟು ಹೋಗ್ತೀನಿ. ಅವಳ ಬಲಗೈ ಬಿಗಿಯಾಗಿ ಹಿಡಿಯಲ್ಲ. ಹೋದ ಆಗಸ್ಟಿಂದ. ಡಾಕ್ಟ್ರ ಚೀಟಿ ಬೀರುವಿನಲ್ಲಿ ಸೀರೆ ಕೆಳಗಿಟ್ಟಿದಾಳೆ, ನೋಡಿದೆ. ನರದ್ದಂತೆ. ವರ್ಷ ವರ್ಷ ಕಮ್ಮಿ ಆಗ್ತಾ ಹೋಗುತ್ತಂತೆ. ಅವಳು ಹೇಳಿಲ್ಲ. ನಾನೂ ಕೇಳಿಲ್ಲ."

"ನಿನ್ನೆಯಿಂದ ಅವರು ಮನ್ಯಾಗ ಇಲ್ಲಲ್ರಿ."

"ಅಭ್ಯಾಸ," ಎಂದರು ಲಿಂಗರಾಜ.

ಗೇಟಿನವರು ಶಿಫ್ಟು ಖಚಿತಪಡಿಸಿದರು. ವಾಪಸು ಬರುವಾಗ ಮೇದಿನಿ ತಾನು ಕಂಡದ್ದನ್ನೆಲ್ಲ ಹೇಳಿದಳು, ಟೀ ಲೋಟದಿಂದ ಹಿಡಿದು ಮುಚ್ಚಳಗಳವರೆಗೆ.

"ನಮ್ಮ ಸೈಕಲ್‌ಗಳಲ್ಲಿ ಬಲಗೈ ಹಿಡಿ ಮುಂದಿನ ಚಕ್ರದ ಬ್ರೇಕಿಗೆ, ಸಾಹೇಬ್. ಎಡಗೈಯದು ಹಿಂದಿನದಕ್ಕೆ. ಇಳಿಜಾರಿನಲ್ಲಿ ಸೈಕಲ್ ಹಿಡಿದು ನಿಲ್ಲಿಸುವುದು ಹೆಚ್ಚಾಗಿ ಮುಂದಿನದೇ. ಜೊತೆಗೆ ಓಡಿಸಿದವರಿಗೆ ಅದು ಗೊತ್ತಾಗದೆ ಇರುವುದಿಲ್ಲ."

"ತೊಂದರೆ ಇಲ್ಲ ಅಂದನಲ್ಲ ಆ ಮಾರ್ಗದರ್ಶಿ."

"ಹೌದು ಸಾಹೇಬ್. ಅಂದ."

ಹನ್ನೊಂದೂವರೆಗೆ ನೆಲಮಾಳಿಗೆಗೆ ಮತ್ತೆ ಹೋದರು. ಗುರುಕಿರಣ ವಿದೇಶಿ ಹಣ ಬದಲಿಸಿಕೊಳ್ಳಲು ಹೊರಗೆ ಹೋಗಿದ್ದ. ಅವನ ಕೆಲಸದ ಮೇಜಿನ ಕೆಳಗೆ ಒಂದು ಬಿಸ್ಕತ್ತಿನ ಡಬ್ಬಿ ಇತ್ತು. ಅದರಲ್ಲಿ ಎಂಟು ಲಕೋಟೆಗಳು, ಮೇಲೆ ಎಂಟು ಹೆಸರು.

"ಅದು ಹಳೇ ಬ್ರೇಕ್ ರಬ್ಬರ್," ಎಂದಳು ನಿಕಿತಾ. "ಪ್ರತಿ ಪ್ರವಾಸಕ್ಕೆ ಮೊದಲು ಎಲ್ಲರದೂ ಬದಲಿಸ್ತಾನೆ. ಹಳೇದನ್ನು ಎತ್ತಿಟ್ಟುಕೊಳ್ತಾನೆ. ಯಾರು ಹೇಗೆ ಬ್ರೇಕ್ ಹಾಕ್ತಾರೆ ಅಂತ ಅದರಲ್ಲೇ ಗೊತ್ತಾಗುತ್ತಂತೆ."

ಮೇದಿನಿ ಲಕೋಟೆಗಳನ್ನು ಒಂದೊಂದಾಗಿ ಮೇಜಿನ ಮೇಲೆ ಸುರಿದಳು. ಏಳು ಜನರದು ಹಿಂದಿನದೂ ಮುಂದಿನದೂ ಹೆಚ್ಚುಕಡಿಮೆ ಸಮನಾಗಿ ಸವೆದಿದ್ದವು. ಇಂದಿರಾ ಅವರ ಹಿಂದಿನ ಜೋಡಿ ಕಬ್ಬಿಣ ಕಾಣುವಷ್ಟು ತೆಳುವಾಗಿತ್ತು. ಮುಂದಿನ ಜೋಡಿಯಲ್ಲಿ ಅಂಗಡಿಯಿಂದ ಬಂದ ಗೆರೆಗಳು ಇನ್ನೂ ಉಳಿದಿದ್ದವು.

ರಾಠವಾ ಅದನ್ನು ಬೆರಳಿನಿಂದ ಸವರಿ ನೋಡಿದರು. "ಸೋಮವಾರ ಅವನು ಇಲ್ಲಿಂದ ಏನಾದರೂ ಹೊರಗೆ ಒಯ್ದನಾ?"

ನಿಕಿತಾ ನೆನಪಿಸಿಕೊಂಡಳು. ಸೋಮವಾರ ಮಧ್ಯಾಹ್ನ ಬಾಡಿಗೆ ಸೈಕಲ್ ರಿಪೇರಿಗೆಂದು ಒಂದು ದೊಡ್ಡ ಚೀಲ ಆಟೋಕ್ಕೆ ಹಾಕಿದ್ದ. ಪಾಲ್ಡಿಯ ಬಸ್ ಪಾರ್ಸೆಲ್ ಕಚೇರಿಯ ರಿಜಿಸ್ಟರಿನಲ್ಲಿ ಅದು ಸಿಕ್ಕಿತು: 2-2-2026, ಸಮಯ 14.15, ಸೈಕಲ್ ಬಿಡಿಭಾಗ, ಸೂರತ್, ಪಡೆಯುವವರು ಹರೀಶ್.

ಒಂದು ಗಂಟೆಗೆ ಗುರುಕಿರಣ ಠಾಣೆಯಲ್ಲಿದ್ದ. ರಾಠವಾ ಪಾರ್ಸೆಲ್ ಚೀಟಿಯ ನಕಲನ್ನು ಮುಂದಿಟ್ಟು ಹಿಂದಿಯಲ್ಲಿ ಕೇಳಿದರು.

"ಹರೀಶ್ ಯಾರು?"

"ಹಳೇ ರೂಮ್‌ಮೇಟ್. ಅವನಿಗೇನೂ ಗೊತ್ತಿಲ್ಲ ಸರ್. ಇಟ್ಟುಕೋ ಅಂದೆ, ಇಟ್ಟುಕೊಂಡ."

"ಪೆಟ್ಟಿಗೆಗೆ ಇಟ್ಟಿಗೆ ಯಾಕೆ?"

"ವಿಮಾನ ನಿಲ್ದಾಣದಲ್ಲಿ ತೂಕ ಕಮ್ಮಿ ಬಂದರೆ ತೆಗೆದು ನೋಡ್ತಿದ್ದರು. ಲಂಕೆಗೆ ಹೋದ ಮೇಲೆ ಗೊತ್ತಾಗಲಿ ಅಂತ. ಅಲ್ಲಿ ಸಣ್ಣ ಫ್ರೇಮ್ ಸಿಗಲಿಲ್ಲ ಅಂತಿದ್ದೆ. ಅವರು ವ್ಯಾನಿನಲ್ಲಿ ಕೂತು ದ್ವೀಪ ಪೂರ್ತಿ ನೋಡ್ತಿದ್ದರು."

"ಕೈ ಸರಿಯಿಲ್ಲ ಅಂತ ಮಾಲೀಕನಿಗೆ ಒಂದು ಮಾತು ಹೇಳಿದ್ದರೆ ಮುಗಿದಿತ್ತಲ್ಲ?"

ಗುರುಕಿರಣ ಮೇದಿನಿಯ ಕಡೆ ನೋಡಿ ಕನ್ನಡದಲ್ಲಿ ಹೇಳಿದ.

"ಜನವರೀಲಿ ಪಾವಾಗಢ ಬೆಟ್ಟದ ಇಳಿಜಾರಲ್ಲಿ ಪ್ರಾಕ್ಟೀಸ್ ಇತ್ತು ಮೇಡಂ. ಇಂದಿರಾ ಆಂಟಿ ಕಾಲು ನೆಲಕ್ಕೆ ಉಜ್ಜಿ ನಿಲ್ಲಿಸಿದ್ರು. ಯಾರಿಗೂ ಹೇಳಬೇಡಪ್ಪ, ಈ ಸಲ ಬಿಟ್ಟರೆ ಈ ಕೈಯಲ್ಲಿ ಇನ್ನೊಂದು ಸಲ ಇಲ್ಲ ಅಂದ್ರು. ಹೇಳಲ್ಲ ಅಂತ ಮಾತು ಕೊಟ್ಟೆ. ಹೇಳಿಲ್ಲ."

"ಮತ್ತ ಸೈಕಲ್ ಯಾಕ ಕದ್ದಿ?"

"ನಾಲ್ಕನೇ ದಿನ ಚಹಾ ತೋಟದ ಎತ್ತರದಿಂದ ಕೆಳಗೆ ಮೂವತ್ತು ಕಿಲೋಮೀಟರ್ ಇಳಿಜಾರಿದೆ. ಎರಡು ವರ್ಷದ ಹಿಂದೆ ಬೇರೆ ಕಂಪನೀಲಿದ್ದಾಗ ರಾಜ್‌ಕೋಟಿನ ಒಬ್ಬ ಟೀಚರನ್ನ ಅದೇ ದಾರೀಲಿ ಕರ್ಕೊಂಡು ಹೋಗಿದ್ದೆ. ವರ್ಷಾಬೆನ್ ಅಂತ. ಅವರ ರಬ್ಬರ್ರೂ ಹೀಗೇ ಇತ್ತು, ನೋಡಿದ್ದೆ. ಅವರೂ ಹೇಳಬೇಡ ಅಂದಿದ್ರು. ಹದಿನೇಳನೇ ತಿರುವಲ್ಲಿ ಹೋಗಿಬಿಟ್ರು. ಅಪಘಾತ ಅಂತ ಬರೆದರು. ನನ್ನನ್ನ ಯಾರೂ ಒಂದು ಮಾತೂ ಕೇಳಲಿಲ್ಲ ಮೇಡಂ. ನೀವೇ ಮೊದಲು ಕೇಳ್ತಿರೋದು."

ಮೇದಿನಿ ಗುಜರಾತಿಯಲ್ಲಿ ಅದನ್ನು ಹೇಳಿ ಮುಗಿಸಿದಾಗ ಕಾನುಭಾಯಿ ಬರೆಯುವುದನ್ನು ನಿಲ್ಲಿಸಿದ್ದ.

"ಬರಿ," ಎಂದರು ರಾಠವಾ.

ಸಂಜೆ ಆರು ನಲವತ್ತಕ್ಕೆ ಸೂರತ್‌ನ ಕತಾರ್‌ಗಾಮ್‌ನಲ್ಲಿ, ಹರೀಶನ ಬಾಡಿಗೆ ಮನೆಯ ಬಾಲ್ಕನಿಯಲ್ಲಿ, ಇಬ್ಬರು ಪಂಚರ ಸಮಕ್ಷಮ ಸೈಕಲ್ ಸಿಕ್ಕಿತು. ಮೇಲೆ ಹಳೆಯ ಬೆಡ್‌ಶೀಟ್ ಹೊದಿಸಿತ್ತು. ಪಂಚನಾಮೆ ಬರೆದು, ಹ್ಯಾಂಡಲ್ಲಿಗೆ ಚೀಟಿ ಕಟ್ಟಿ ಅರಗಿನ ಮುದ್ರೆ ಹಾಕಿದರು. ಏಳು ಹತ್ತಕ್ಕೆ ಗುರುಕಿರಣನ ಬಂಧನ ದಾಖಲಾಯಿತು.

ಅಹಮದಾಬಾದಿಗೆ ಕರೆತರುವಾಗ ಜೀಪಿನಲ್ಲಿ ಅವನು ಕೇಳಿದ. "ಸೈಕಲ್ ಅವರಿಗೆ ಕೊಟ್ಟುಬಿಡ್ತೀರಾ?"

"ಈಗ ಅದು ಮುದ್ದೆಮಾಲು," ಎಂದರು ರಾಠವಾ. "ಕೋರ್ಟಿನ ಆದೇಶವಿಲ್ಲದೆ ಒಂದು ನಟ್ಟೂ ಕೊಡುವ ಹಾಗಿಲ್ಲ."

ಗುರುಕಿರಣ ಸೀಟಿಗೆ ಒರಗಿ ಕಣ್ಣು ಮುಚ್ಚಿದ. ಎರಡು ದಿನದಲ್ಲಿ ಮೊದಲ ಸಲ ಅವನ ಭುಜ ಸಡಿಲವಾದದ್ದನ್ನು ಮೇದಿನಿ ಕನ್ನಡಿಯಲ್ಲಿ ನೋಡಿದಳು.

ಗುರುವಾರ ಒಂಬತ್ತಕ್ಕೇ ಇಂದಿರಾ ಠಾಣೆಗೆ ಬಂದರು. ಮೇದಿನಿ ಸ್ಟೋರ್ ರೂಮಿನ ಕಿಟಕಿಯಿಂದ ಸೈಕಲ್ ತೋರಿಸಿದಳು.

"ಮುಟ್ಟಬಹುದೇನಮ್ಮ?"

"ಇಲ್ರಿ ಅಮ್ಮಾರ. ನೀವು ಅರ್ಜಿ ಕೊಟ್ರ ಹನ್ನೊಂದಕ್ಕ ಕೋರ್ಟಿಗೆ ಒಯ್ತೀವಿ. ಸಾಹೇಬ್ರು ನಮ್ಮದೇನೂ ತಕರಾರಿಲ್ಲ ಅಂತ ಬರೆದು ಕೊಡ್ತಾರ. ಸಂಜಿ ಒಳಗ ಆದೇಶ ಆದ್ರೂ ಆತು."

"ಬರೆದು ಕೊಡ್ತೀನಿ. ಆ ಹುಡುಗ ಯಾಕೆ ಹೀಗೆ ಮಾಡಿದ? ನನ್ನ ಮೇಲೆ ಏನಿತ್ತು ಅವನಿಗೆ?"

ಹೇಳಿಕೆಯನ್ನು ದೂರುದಾರರಿಗೆ ಓದಿ ಹೇಳಬೇಕೆಂಬ ನಿಯಮ ಇರಲಿಲ್ಲ. ಮೇದಿನಿ ರಾಠವಾ ಅವರ ಮುಖ ನೋಡಿದಳು. ಅವರು ಯಾವುದೋ ಕಡತ ತೆಗೆದುಕೊಂಡು ಹೊರಗೆ ಹೋದರು.

ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಇಂದಿರಾ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡರು.

"ಹೆಸರೇನಂದೆ ಆಯಮ್ಮಂದು?"

"ವರ್ಷಾಬೆನ್."

"ಎಷ್ಟು ವಯಸ್ಸಂತೆ?"

"ಅದನ್ನ ಕೇಳಲಿಲ್ರಿ."

"ಮನೇಲಿ ಇವರಿಗೆ ಹೇಳಬೇಡ. ಕೈ ವಿಷಯ ಗೊತ್ತಿಲ್ಲ ಅವರಿಗೆ."

ಮೇದಿನಿಗೆ ಮುಚ್ಚಳಗಳ ಸಾಲು ನೆನಪಾಯಿತು. "ಡಬ್ಬಿ ಮುಚ್ಚಳ ಎಲ್ಲಾ ಸಡ್ಲ ಇರ್ತಾವಲ್ರಿ ನಿಮ್ಮ ಮನ್ಯಾಗ. ಯಾರು ಮಾಡಿಡ್ತಾರ ಅನ್ಕೊಂಡೀರಿ?"

ಇಂದಿರಾ ಸೆರಗಿನೊಳಗಿಂದ ಬಲಗೈ ಹೊರಗೆ ತೆಗೆದರು. ಆಮೇಲೆ ಅರ್ಜಿಗೆ ಪೆನ್ನು ಕೇಳಿದರು, ಎಡಗೈಯಿಂದ ಮಣಿಕಟ್ಟು ಹಿಡಿದು ಸಹಿ ಹಾಕಿದರು. ಈ ಸಲ ಅದನ್ನು ಮರೆಮಾಡಲಿಲ್ಲ.

"ನಾಲ್ಕನೇ ದಿನ ವ್ಯಾನಲ್ಲಿ ಕೂತ್ಕೋತೀನಿ ಅಂತ ಆ ಹುಡುಗನಿಗೆ ಹೇಳು. ಐದನೇ ದಿನ ಇಳಿದುಬಿಡ್ತೀನಿ."

ಆದೇಶ ಸಂಜೆ ಐದು ಇಪ್ಪತ್ತಕ್ಕೆ ಬಂತು. ಸೈಕಲ್ಲಿನ ಫೋಟೊ ತೆಗೆದು, ಜಾಮೀನು ಮುಚ್ಚಳಿಕೆ ಬರೆಸಿಕೊಂಡು, ಆರು ಗಂಟೆಗೆ ಕೊಟ್ಟರು. ಮಂಥನ್ ತಾನೇ ಮಾರ್ಗದರ್ಶಿಯಾಗಿ ಹೋಗುವುದೆಂದಾಯಿತು. ಗುರುಕಿರಣನಿಗೂ ಅದೇ ದಿನ ಜಾಮೀನು ಸಿಕ್ಕಿತು. ಪ್ರತಿ ಸೋಮವಾರ ಠಾಣೆಗೆ ಬಂದು ಸಹಿ ಹಾಕಬೇಕೆಂಬ ಷರತ್ತಿನ ಮೇಲೆ.

ಫೆಬ್ರವರಿ 16, ಸೋಮವಾರ, ಬೆಳಿಗ್ಗೆ ಹತ್ತು. ಅವನು ಬಂದಾಗ ಮೇದಿನಿ ಫೋನು ತೆಗೆದು ಮೊದಲು ಇಂದಿರಾ ಕಳಿಸಿದ್ದ ಒಂದು ಫೋಟೊ ತೋರಿಸಿದಳು. ವ್ಯಾನಿನ ಕಿಟಕಿಯಿಂದ ತೆಗೆದದ್ದು. ಹೊರಗೆ ಚಹಾ ಗಿಡ, ರಸ್ತೆಯ ತಿರುವು, ಗಾಜಿನಲ್ಲಿ ಇಂದಿರಾ ಅವರ ಅರ್ಧ ಮುಖ. ಆಮೇಲೆ ಇನ್ನೊಂದು. ಮರಳಿನ ಮೇಲೆ ಸೈಕಲ್ ಹಿಡಿದು ಇಂದಿರಾ ನಿಂತಿದ್ದರು, ಹಿಂದೆ ಮೂಡಣ ಕಡಲು.

ಗುರುಕಿರಣ ಕಡಲನ್ನು ನೋಡಲಿಲ್ಲ. ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿ ಮುಂದಿನ ಚಕ್ರಕ್ಕೆ ತಂದ, ಇನ್ನೂ ಹಿಗ್ಗಿಸಿದ. ತಾನೇ ಹಾಕಿದ ರಬ್ಬರು. ಆರು ದಿನದ ಸವಾರಿಯ ಮೇಲೂ ಅದರ ಗೆರೆಗಳು ಹಾಗೇ ಇದ್ದವು.

ಫೋನು ವಾಪಸು ಕೊಟ್ಟು ರಿಜಿಸ್ಟರಿನಲ್ಲಿ ಸಹಿ ಹಾಕಿದ. ಮೇದಿನಿ ಪಕ್ಕದಲ್ಲಿ ಸಮಯ ಬರೆದಳು: 10.05.