ಒಂಬತ್ತನೇ ಪೋರ್ಟಿನ ಕುಂಕುಮ

ಸೊರಬದ ಆ ಕೆತ್ತನೆ ಕಾರ್ಖಾನೆಯಲ್ಲಿ ದಾಸ್ತಾನು ಕೋಣೆಯ ಬೀಗ ಹಾಕಿದ ಹಾಗೆಯೇ ಇತ್ತು. ಒಳಗಿದ್ದ ಗಂಧದ ಕೊರಡುಗಳು ಮಾತ್ರ ಇರಲಿಲ್ಲ. ಇದ್ದದ್ದು ಎಂಟು ಕ್ಯಾಮೆರಾ. ರಾತ್ರಿ ನಾಲ್ಕು ಕ್ಯಾಮೆರಾಗಳು ಅಂಗಳದಲ್ಲಿ ಮಲಗಿದ್ದ ನಾಯಿಯನ್ನು ಶ್ರದ್ಧೆಯಿಂದ ಚಿತ್ರಿಸಿದ್ದವು. ದಾಸ್ತಾನು ಕೋಣೆಯದೂ ಸೇರಿ ಉಳಿದ ನಾಲ್ಕು ಕಪ್ಪಾಗಿದ್ದವು. ಬೆಳಗಿನ ಹೊತ್ತಿಗೆ ಎಲ್ಲವೂ ಸರಿ.

ಕೀಲಿಗಳಿದ್ದದ್ದು ಇಬ್ಬರ ಬಳಿ. ಒಬ್ಬ ಮ್ಯಾನೇಜರ್ ಸಿದ್ಧಲಿಂಗೇಶ್, ಇನ್ನೊಬ್ಬ ಕುರಿ ಕಾಯುವ ಮನೆತನದ ಕಾವಲುಗಾರ ಚಿಕ್ಕಬೀರಪ್ಪ. ಅನುಮಾನ ಯಾರ ಕಡೆ ಹೋಯಿತೆಂದು ಬೇರೆ ಹೇಳಬೇಕೆ? ಸಬ್ ಇನ್‌ಸ್ಪೆಕ್ಟರ್ ಶಿವಶಂಕರ ಚಿಕ್ಕಬೀರಪ್ಪನನ್ನು ಮನೆಯಿಂದ ಜೀಪಿನಲ್ಲಿ ಕರೆತಂದು ಕಾರ್ಖಾನೆಯ ಗೋಡೆ ಬದಿಗೆ ಕೂರಿಸಿದ್ದರು. ಸಂಜೆಯೊಳಗೆ ಬೇರೆ ಸುಳಿವು ಸಿಗದಿದ್ದರೆ ಕೇಸು ಆತನ ತಲೆಗೇ.

ಕ್ಯಾಮೆರಾ ಕೂರಿಸಿದ ಸಂಗೀತಳನ್ನು ಶಿಕಾರಿಪುರದಿಂದ ಕರೆಸಿದರು. ಅವಳು ಹೆಲ್ಮೆಟ್ ತೆಗೆಯುವ ಮೊದಲೇ ಸಿದ್ಧಲಿಂಗೇಶ್ ಶುರುಮಾಡಿದ.

"ನಿಮ್ಮ ಸ್ವಿಚ್ಚೇ ಸರಿ ಇಲ್ಲ ಕಣ್ರೀ. ಹೋದ ವರ್ಷವೂ ಇದೇ ನಾಲ್ಕು ಹೋಗಿದ್ವಲ್ಲ. ಅದು ಕೈಕೊಟ್ಟ ರಾತ್ರಿ ಇವನಿಗೆ ಅನುಕೂಲ ಆಯ್ತು."

ಸಂಗೀತಳಿಗೆ ಮೈಯೆಲ್ಲ ಉರಿದುಹೋಯಿತು. ಲೋಕದಲ್ಲಿ ಏನು ಕೆಟ್ಟರೂ, ಕ್ಯಾಮೆರಾ ವೈರುಗಳೆಲ್ಲ ಬಂದು ಸೇರುವ ಆ ಪುಟ್ಟ ಪೆಟ್ಟಿಗೆಯದೇ, ನೆಟ್‌ವರ್ಕ್ ಸ್ವಿಚ್ಚಿನದೇ ತಪ್ಪು.

* * *

ವೈರನ್ನು ಇಲಿ ಕಡಿದಿರಬಹುದೆಂದು ಅಟ್ಟ ಹತ್ತಿದಳು. ಜೇಡರ ಬಲೆ ಮುಖಕ್ಕೆ ಮೆತ್ತಿಕೊಂಡಿತು, ವೈರು ನೆಟ್ಟಗಿತ್ತು. ಕರೆಂಟ್ ಹೋಗಿತ್ತೇ ಎಂದು ವಿಚಾರಿಸಿದಳು. ಹೋಗಿರಲಿಲ್ಲ. ಸ್ವಿಚ್ಚಿನ ಸೆಟ್ಟಿಂಗ್ ಪುಟ ತೆರೆಯಲು ಹೋದರೆ ಪರದೆಯ ಮೇಲೆ ಚಕ್ರ ಸುತ್ತಿದ್ದೇ ಸುತ್ತಿದ್ದು. ಮೂರು ಸಲ ಪಾಸ್‌ವರ್ಡ್ ಕೇಳಿ, ಕೊನೆಗೆ ದೊಡ್ಡ ಉಪಕಾರ ಮಾಡಿದಂತೆ ತೆರೆದುಕೊಂಡಿತು. ಅವಳು ಬರೆದಿಟ್ಟ ಒಂದಕ್ಷರವೂ ಬದಲಾಗಿರಲಿಲ್ಲ.

ಏನು ಬರೆದಿದ್ದಾಳೆಂದು ಶಿವಶಂಕರ ಕೇಳಿದರು. ಸಿಟ್ಟು ನುಂಗಿ ವಿವರಿಸಿದಳು. ಕ್ಯಾಮೆರಾಗಳ ವೈರು ಸೇರುವ ಶೆಡ್ಡಿನ ಸ್ವಿಚ್ಚಿಗೂ ಚಿತ್ರ ದಾಖಲಾಗುವ ಈ ಆಫೀಸು ಕೋಣೆಯ ಸ್ವಿಚ್ಚಿಗೂ ನಡುವೆ ಎರಡು ವೈರು. ಇಲ್ಲಿ ಏಳನೇ ಪೋರ್ಟೆಂಬ ಕಿಂಡಿಗೊಂದು, ಎಂಟಕ್ಕೊಂದು. ಎರಡೂ ಒಂದೇ ಎಂದು ಎರಡೂ ಕಡೆ ಹೇಳಿಟ್ಟರೆ ಭಾರ ಹಂಚಿಕೊಳ್ಳುತ್ತವೆ. ಇದೇ ಲಿಂಕ್ ಅಗ್ರಿಗೇಶನ್. ನಾಲ್ಕು ಕ್ಯಾಮೆರಾ ಈ ವೈರಿನಲ್ಲಿ, ನಾಲ್ಕು ಆ ವೈರಿನಲ್ಲಿ.

"ಒಂದು ಕಿತ್ತರೆ?"

"ಎಲ್ಲಾ ಇನ್ನೊಂದರ ಮೇಲೆ ಬರ್ತವೆ ಸರ್. ಒಂದೂ ಕಪ್ಪಾಗಲ್ಲ."

ಹೇಳುತ್ತಲೇ ಅವಳ ಕಣ್ಣು ಸ್ವಿಚ್ಚಿನ ಮೇಲೆ ನಿಂತಿತು.

ವಾರದ ಹಿಂದೆ ಆಯುಧಪೂಜೆ ಆಗಿತ್ತು. ಉಳಿಯಿಂದ ಹಿಡಿದು ಕಂಪ್ಯೂಟರಿನವರೆಗೆ ಎಲ್ಲವನ್ನೂ ಕಿತ್ತು, ಒರೆಸಿ, ಕುಂಕುಮ ಹಚ್ಚುವುದು ಇಲ್ಲಿನ ಪದ್ಧತಿ. ಹೋದ ವರ್ಷ ಹಾಗೆ ಒರೆಸಿದವರು ಎಂಟನೇ ವೈರನ್ನು ಪಕ್ಕದ ಒಂಬತ್ತಕ್ಕೆ ಸಿಕ್ಕಿಸಿ ಎಡವಟ್ಟು ಮಾಡಿದ್ದರು. ಈ ಸಲ ಸಂಗೀತ ತಾನೇ ಬಂದು, ಏಳು, ಎಂಟು, ಒಂಬತ್ತರ ಕಿಂಡಿಗಳನ್ನು ಒರೆಸಿ, ವೈರು ಜೋಡಿಸಿದ್ದಳು. ಆಮೇಲೆಯೇ ಆ ಎರಡು ಪ್ಲಗ್ಗಿಗೆ ಕುಂಕುಮ ಬಿದ್ದದ್ದು.

ಅವಳು ಟಾರ್ಚ್ ಹಾಕಿ ಒಂಬತ್ತನೇ ಪೋರ್ಟಿನೊಳಗೆ ನೋಡಿದಳು. ಕೆಂಪು. ಹತ್ತು, ಹನ್ನೊಂದರೊಳಗೆ ಬರೀ ಧೂಳು.

* * *

ಸಂಗೀತ ಮೊದಲು ಒಂಬತ್ತರೊಳಗಿನ ಕುಂಕುಮವನ್ನು ಎಲ್ಲರಿಗೂ ತೋರಿಸಿ, ಪೂಜೆಯ ಮೇಲೆ ಎಂಟರ ಪ್ಲಗ್ಗು ಅಲ್ಲಿಗೆ ಹೋಗಿ ಬಂದಿದೆಯೆಂದಳು. ಬಳಿಕ ಅವರನ್ನು ಪರದೆಯ ಮುಂದೆ ನಿಲ್ಲಿಸಿ, ಎಂಟರ ವೈರನ್ನು ಒಂಬತ್ತಕ್ಕೆ ಹಾಕಿದಳು. ಅದೇ ನಾಲ್ಕು ಕ್ಯಾಮೆರಾ ಕಪ್ಪಾದವು. ಸ್ವಿಚ್ಚಿನ ಮೇಲೆ ಹಸಿರು ದೀಪ ಮಾತ್ರ ಉರಿಯುತ್ತಲೇ ಇತ್ತು.

"ಒಂಬತ್ತು ಮುಂದೆ ಬರೋ ಬಿಲ್ಲಿಂಗ್ ಕಂಪ್ಯೂಟರಿಗೆ ಅಂತ ಬೇರೆ ಮಾಡಿಟ್ಟಿದ್ದು, ಸರ್. ಶೆಡ್ಡಿನ ಸ್ವಿಚ್ಚಿಗೆ ವೈರು ಚೆನ್ನಾಗೇ ಕಾಣುತ್ತೆ, ಚಿತ್ರ ಕಳಿಸ್ತಾನೇ ಇರುತ್ತೆ. ಇಲ್ಲಿ ತಗೊಳ್ಳೋರೇ ಇಲ್ಲ. ಎರಡು ಕಡೆಯೂ ಒಂದನ್ನೊಂದು ವಿಚಾರಿಸಿಕೊಳ್ಳೋ ಹೊಸ ಸ್ವಿಚ್ ಕೊಡಿಸಿ ಅಂತ ಬೇಡಿಕೊಂಡೆ. ಇದೇ ಸಾಕು ಅಂದ್ರು ಮ್ಯಾನೇಜರು."

ಆಮೇಲೆ ಚಿಕ್ಕಬೀರಪ್ಪನ ಕಡೆ ತಿರುಗಿದಳು. "ಕಾಕಾ, ಈ ಕ್ಯಾಮೆರಾ ನಿಲ್ಲಿಸು ಅಂದ್ರೆ ನೀವು ಏನು ಮಾಡ್ತೀರಿ?"

ಆತ ಗೋಡೆಯ ಮೇನ್ ಸ್ವಿಚ್ ತೋರಿಸಿದ. "ಅದನ್ನ ಆಫ್ ಮಾಡ್ತೀನ್ ತಂಗಿ. ಇನ್ನೇನ್ ಗೊತ್ತೈತಿ ನಂಗೆ?"

"ಯಾರಾದರೂ ಅದನ್ನೇ ಮಾಡ್ತಾರೆ, ಸರ್. ಈ ಕಳ್ಳ ಬೇಕಾದ ನಾಲ್ಕನ್ನೇ ಕುರುಡು ಮಾಡಿ, ಕೆಲಸ ಮುಗಿಸಿ, ವೈರು ವಾಪಸ್ ಹಾಕಿ ಹೋಗಿದ್ದಾನೆ. ಹೋದ ವರ್ಷದ ಎಡವಟ್ಟಲ್ಲಿ ಯಾವ ನಾಲ್ಕು ಹೋಗಿದ್ವು, ಯಾಕೆ ಹೋದ್ವು ಅಂತ ನಾನು ಹೇಳಿದ್ದು ಮ್ಯಾನೇಜರ್ ಒಬ್ಬರಿಗೇ. ಹುಡುಗರಿಗೆ ಹೇಳಬೇಡಿ, ನಾಚಿಕೆಗೇಡು ಅಂತ ಅವರೇ ಬಾಯಿ ಮುಚ್ಚಿಸಿದ್ರು."

ಸಿದ್ಧಲಿಂಗೇಶ್ ಪೂಜೆಯ ದಿನ ಕುಂಕುಮ ಉದುರಿರಬೇಕೆಂದ. ಉದುರಿದ್ದು ಒಂಬತ್ತರೊಳಗೇ ಯಾಕೆ ಹೋಯಿತೆಂದು ಶಿವಶಂಕರ ಕೇಳಿದರು. ಕೈ ಚಾಚಿ ಅವನ ಕಾರಿನ ಕೀಲಿ ಕೇಳಿದರು. ಡಿಕ್ಕಿ ತೆಗೆದಾಗ ಹುಡುಕುವ ಕಷ್ಟವೇ ಬರಲಿಲ್ಲ, ಗಂಧದ ವಾಸನೆ ಅಂಗಳದ ತುಂಬ ಹರಡಿತು. ಗೋಣಿಯ ಕೆಳಗೆ ಕೊರಡುಗಳೂ ಇದ್ದವು.

ಇನ್ನು ಹೋಗಬಹುದೆಂದು ಶಿವಶಂಕರ ಚಿಕ್ಕಬೀರಪ್ಪನಿಗೆ ಹೇಳಿದರು. ಆತ ಕದಲಲಿಲ್ಲ.

"ಎಲ್ಲಿಗ್ ಹೋಗ್ಲಿ ಸಾಹೇಬ್ರೆ? ಜೀಪ್ ಹತ್ತಿಸ್ಕೊಂಡ್ ಬರೂವಾಗ ಊರೆಲ್ಲ ನಿಂತ್ ನೋಡೈತಿ. ಒಬ್ನೇ ನಡ್ಕಂಡ್ ಹೋದ್ರೆ ತಪ್ಪಿಸ್ಕೊಂಡ್ ಬಂದಾನೆ ಅಂತಾರೆ. ನೀವೇ ಕರ್ಕೊಂಡ್ ಹೋಗಿ, ಎಲ್ಲರ ಮುಂದೆ ಇಳಿಸ್ರಿ."

ಶಿವಶಂಕರ ಹೋಗಿ ಆತನಿಗೆ ಜೀಪಿನ ಮುಂದಿನ ಬಾಗಿಲು ತೆರೆದರು.