ಅತ್ತೆ ಕಟ್ಟಿದ ಮುದ್ದೆ

"ನಾಗಶ್ರೀ ತಟ್ಟೆಗೆ ಬ್ಯಾರೆ ಯಾರೂ ಕೈ ಹಾಕ್‌ಬ್ಯಾಡಿ!"

ಅಡುಗೆಮನೆಯಿಂದ ಅತ್ತೆ ಚಿಕ್ಕಮಾದಮ್ಮ ಕೂಗಿದ್ದು ಕೇಳಿ ಜಗುಲಿಯಲ್ಲಿದ್ದ ನಾಗಶ್ರೀಗೆ ಕಣ್ಣು ತುಂಬಿ ಬಂತು... ಮಂಡ್ಯದ ಆಸ್ಪತ್ರೆಯ ಮಾನಸಿಕ ವಾರ್ಡಿನಲ್ಲಿದ್ದು ಬಂದ ಸೊಸೆಯನ್ನು ಈ ಬಾಯಿಬಡುಕಿ ತವರಿಗೆ ಅಟ್ಟುತ್ತಾಳೆಂದು ಬೆಳಕವಾಡಿಯ ಆ ಬೀದಿಯೇ ಕಾದು ಕೂತಿತ್ತು. ಅತ್ತೆ ದಿನಾ ತನ್ನ ಕೈಯಾರೆ ಮುದ್ದೆ ಕಟ್ಟಿ ಉಣ್ಣಿಸತೊಡಗಿದ್ದು ಕಂಡು ಬೀದಿಗೆ ಸ್ವಲ್ಪ ನಿರಾಸೆಯೇ ಆಯಿತು.

ನಾಗಶ್ರೀಯ ಚಿಂತೆ ಬೇರೆ. ಡಾಕ್ಟರು ಹೇಳಿದಂತೆ ಊಟವಾದ ಮೇಲೆ ಒಂದು ಮಾತ್ರೆಯನ್ನು ತಾನೇ ನುಂಗುತ್ತಿದ್ದಳು. ಆದರೂ ಬೆಳಿಗ್ಗೆ ರೆಪ್ಪೆ ಎತ್ತಲಾಗದು, ನಾಲಿಗೆ ದಪ್ಪ, ಕೈ ನಡುಕ. ಹಾಲಿನ ಡೇರಿಯಲ್ಲಿ ಹಾಲು ಪರೀಕ್ಷಿಸುವ ಕೆಲಸಕ್ಕೆ ಮರಳಿದ ಮೊದಲ ದಿನವೇ ಕ್ಯಾನಿನ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಕಾರ್ಯದರ್ಶಿ ಕೆಂಪರಾಜು ಬೈಯಲಿಲ್ಲ. ಇನ್ನೊಂದು ವಾರ ನೋಡುತ್ತೇನೆ, ಆಮೇಲೆ ಬೇರೆಯವರನ್ನು ಕೂರಿಸಬೇಕಾಗುತ್ತದೆ ಎಂದ. ಡೇರಿಯ ಆ ಕೆಲಸ ಹೋದರೆ ತಾನು ಊರ ಪಾಲಿಗೆ ಬರೀ 'ತಲೆ ಕೆಟ್ಟೋಳು'! ಕಾಯಿಲೆ ಮರುಕಳಿಸಿತೆಂದು ಗಂಡ ಪುಟ್ಟರಾಜು ಮುಖ ಸಣ್ಣದು ಮಾಡಿಕೊಂಡ. ನಾಗಶ್ರೀಗೆ ಮಾತ್ರ ನಂಬಿಕೆ ಬರಲಿಲ್ಲ. ಅವಳ ಕಾಯಿಲೆ ನಿದ್ದೆಯನ್ನು ಓಡಿಸುತ್ತಿತ್ತೇ ಹೊರತು ಕರೆತರುತ್ತಿರಲಿಲ್ಲ. ಹಾಗಾದರೆ ಇದು ಎಲ್ಲಿಂದ ಬಂದ ನಿದ್ದೆ?

ಉತ್ತರ ಕೊಟ್ಟವನು ಪುಟ್ಟರಾಜು, ತನಗೇ ತಿಳಿಯದಂತೆ. ಒಂದು ರಾತ್ರಿ, ಮಾರನೆಯ ಮುಂಜಾನೆ ಗದ್ದೆಗೆ ನಾಲೆ ನೀರು ಬಿಟ್ಟುಕೊಳ್ಳುವ ಸರದಿ ಅವನದಿತ್ತು. ಅವ್ವ ಎಮ್ಮೆ ಕಟ್ಟಲು ಹಿತ್ತಿಲಿಗೆ ಹೋದಾಗ, ಬೇಗ ಮಲಗುವ ಆತುರದಲ್ಲಿ ಕೈಗೆ ಸಿಕ್ಕ ಹೆಂಡತಿಯ ತಟ್ಟೆ ಎಳೆದುಕೊಂಡು ಉಂಡ. ಈ ಸೀಮೆಯಲ್ಲಿ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಸಾರಿಗೆ ಅದ್ದಿದರೆ ಸೀದಾ ಗಂಟಲಿಗೆ. ಅವನ ಸರದಿಯ ನೀರು ಪಕ್ಕದವರ ಗದ್ದೆ ಸೇರಿತು. ಅವನು ಮಧ್ಯಾಹ್ನ ಎದ್ದು, ಇನ್ನೂ ಬೆಳಕು ಹರಿದಿಲ್ಲವೇ ಎಂದು ಕೇಳಿದ! ಆ ದಿನ ನಾಗಶ್ರೀ ಮಾತ್ರ ಕೋಳಿ ಕೂಗುವಾಗಲೇ ಎದ್ದಿದ್ದಳು. ಕೈ ನಡುಗುತ್ತಿರಲಿಲ್ಲ.

ಸಂಜೆ ಅತ್ತೆಯ ಎದುರೇ ಅವಳು ಮುದ್ದೆಯನ್ನು ಇಬ್ಭಾಗ ಮಾಡಿದಳು. ನಡುವೆ ಅರೆದೂ ಅರೆಯದ ಬಿಳಿ ಮಾತ್ರೆಯ ಚೂರುಗಳು.

"ನಾನೇ ದಿನಾ ನುಂಗ್ತಾ ಇದ್ನಲ್ಲ ಅತ್ತೆ..."

ಡಾಕ್ಟರ ಹಳೆಯ ಚೀಟಿ ತೋರಿಸಿ ಮಳವಳ್ಳಿಯ ಔಷಧಿ ಅಂಗಡಿಯಿಂದ ಅದೇ ಮಾತ್ರೆ ತಂದಿದ್ದನ್ನು ಚಿಕ್ಕಮಾದಮ್ಮ ಮುಚ್ಚಿಡಲಿಲ್ಲ.

"ನುಂಗ್ದೆ ಅಂತ ಯೋಳಿ ಕಿಟಕಿಯಿಂದ ಎಸೀತಿದ್ದೋಳು ನೀನೇ ಅಲ್ವಾ? ಆಮ್ಯಾಕೆ ಕಬ್ಬಿನ ಗದ್ದೇಲಿ ಕುಂತ್ಕಂಡು, ನೀನ್ಯಾರು ಅಂತ ನನ್ನೇ ಕೇಳ್ದೆ ಮಗ... ಅದ ಇನ್ನೊಂದ್ ಸಲ ಕೇಳೋ ಸಕ್ತಿ ನಂಗಿಲ್ಲ."

ಎಸೆದಿದ್ದು ಸುಳ್ಳಲ್ಲ. ನಾಗಶ್ರೀ ತಟ್ಟೆಯನ್ನು ಅತ್ತೆಯ ಕಡೆಗೆ ಸರಿಸಿದಳು.

"ನಂಗೇ ಗೊತ್ತಿಲ್ದಂಗೆ ನನ್ನ ವಾಸಿ ಮಾಡಕ್ಕಾಯ್ತದಾ ಅತ್ತೆ? ಕೈಗೇ ಕೊಡಿ. ನುಂಗ್ತೀನಿ."

ಮರುದಿನ ಮೂವರೂ ಮಂಡ್ಯಕ್ಕೆ ಹೋದರು. ಬಚ್ಚಿಟ್ಟು ಕೊಡುವುದು ಅಪಾಯ, ಇನ್ನು ಏನೇ ಅನುಮಾನ ಬಂದರೂ ಮೊದಲು ತಮಗೆ ಹೇಳಬೇಕು ಎಂದರು ಡಾಕ್ಟರು. ಬಸ್ಸಿನುದ್ದಕ್ಕೂ ಚಿಕ್ಕಮಾದಮ್ಮ, ಕಾಯಿಲೆ ಸೊಸೆಗೆ, ಬೈಗುಳ ತನಗೆ ಎಂದು ಮಗನ ಹತ್ತಿರ ಗೊಣಗಿದಳು.

ನಾಗಶ್ರೀ ಡೇರಿಗೆ ಮರಳುವ ಹಿಂದಿನ ಸಂಜೆ ಅತ್ತೆಯೇ ಮುದ್ದೆಯನ್ನು ಎರಡು ಹೋಳು ಮಾಡಿ ಸೊಸೆಯ ಮುಂದಿಟ್ಟಳು. ಒಡೆದ ಮುದ್ದೆ ಬಡಿಸುವುದು ಆ ಮನೆಯಲ್ಲಿ ಎಂದೂ ಇರಲಿಲ್ಲ. ನಾಗಶ್ರೀ ಒಳಗೇನಿದೆ ಎಂದು ನೋಡಲಿಲ್ಲ. ಹೋಳುಗಳನ್ನು ಸೇರಿಸಿ, ಮತ್ತೆ ಗುಂಡಗೆ ಮಾಡಿ, ತುತ್ತು ಮುರಿದು ನುಂಗಿದಳು. ಊಟ ಮುಗಿಸಿ ಮಾತ್ರೆಗೆ ಕೈ ಚಾಚಿದಳು.

ಚಿಕ್ಕಮಾದಮ್ಮ ಅದನ್ನು ಅವಳ ಅಂಗೈಗೆ ಹಾಕಿ, ಒಲೆಯ ಕಡೆ ತಿರುಗಿ ನಿಂತಳು. ಹಿಂದೆ ನೀರಿನ ಚೊಂಬು ನೆಲಕ್ಕಿಟ್ಟ ಸದ್ದಾದರೂ, ನುಂಗಿದಳೋ ಇಲ್ಲವೋ ಎಂದು ತಿರುಗಿ ನೋಡಲಿಲ್ಲ.