ಇಪ್ಪತ್ತು ಪಾಯಿಂಟ್ ಒಂಬತ್ತು

೨೦೨೫ರ ನವೆಂಬರ್ ೧೨, ಬುಧವಾರ. ಬೆಳಿಗ್ಗೆ ೧೦.೨೦ಕ್ಕೆ ವಡೋದರಾ ಹೊರವಲಯದ ಠಾಣೆಗೆ ಇಬ್ಬರು ಬಂದರು. ಒಬ್ಬಳು ತುಂಗಾ, ಅಹಮದಾಬಾದಿನ ವಸ್ತ್ರಾಪುರದ ಕಾಲೇಜೊಂದರಲ್ಲಿ ಲೈಬ್ರರಿ ಕೆಲಸದವಳು. ಹಿಂದಿನ ದಿನ ಕೊಯಾಲಿ ರಸ್ತೆಯ ರೆಸಿನ್ ಕಾರ್ಖಾನೆಯಲ್ಲಿ ಕೆಲಸಕ್ಕೆಂದು ಟ್ಯಾಂಕಿಗೆ ಇಳಿದು ಒಳಗೇ ಸತ್ತ ಮಂಥನ್‌ನ ಅಕ್ಕ. ಜೊತೆಗಿದ್ದವನು ಹಾಲೇಶ, ಅದೇ ಕಾರ್ಖಾನೆಯ ಸೇಫ್ಟಿ ಸೂಪರ್‌ವೈಸರ್, ಮಂಥನ್‌ನ ರೂಮ್‌ಮೇಟ್. ಅವಳ ಬ್ಯಾಗನ್ನು ಅವನೇ ಹಿಡಿದುಕೊಂಡಿದ್ದ.

ಇನ್‌ಸ್ಪೆಕ್ಟರ್ ಗೋಪಾಲಕೃಷ್ಣ ಕುರ್ಚಿ ತೋರಿಸಿದರು. ಅವರ ತಂದೆ ಉಡುಪಿಯಿಂದ ಬಂದು ವಡೋದರಾದಲ್ಲಿ ಹೋಟೆಲ್ ಇಟ್ಟವರು. ಮಗ ಕಲ್ಲಿನೆದುರು ದೋಸೆ ಹುಯ್ಯುವುದು ಬೇಡವೆಂದು ಪೊಲೀಸ್ ಸೇರಿದ್ದ. ಇಪ್ಪತ್ತೆರಡು ವರ್ಷದ ಸರ್ವೀಸಿನ ನಂತರ ಉಳಿದದ್ದು ಮಂಡಿನೋವು. ದೋಸೆಯೇ ವಾಸಿಯಿತ್ತು ಎಂದು ಅವರಿಗೆ ಈಚೆಗೆ ಆಗಾಗ ಅನ್ನಿಸುತ್ತಿತ್ತು.

"ಸಾರ್, ನನ್ನ ತಮ್ಮ ಪರ್ಮಿಟ್ ಇಲ್ದೆ ಇಳಿದ ಅಂತ ಕಾರ್ಖಾನೆಯವರು ಬರೆದುಕೊಟ್ಟಿದಾರಂತೆ. ನೀವೂ ಅದನ್ನೇ ಬರ್ಕೊಂಡಿದೀರಂತೆ," ಅಂದಳು ತುಂಗಾ. "ಅವನು ಹಾಗೆ ಇಳಿಯೋನಲ್ಲ. ಸ್ನಾನದ ನೀರಿಗೂ ಮೊದಲು ಬೆರಳದ್ದಿ ನೋಡೋನು."

"ಅಸಹಜ ಸಾವು ಅಂತ ದಾಖಲಾಗಿದೆಯಮ್ಮ. ಹೆಚ್ಚುಕಮ್ಮಿ ಎಲ್ಲ ಸ್ಪಷ್ಟ ಉಂಟು."

"ಹೆಚ್ಚುಕಮ್ಮಿ ಅಂದ್ರೆ? ನೀವು ಟ್ಯಾಂಕ್ ಹತ್ತಿ ನೋಡಿದ್ರಾ?"

"ನೋಡಿದ್ದೇವೆ."

ನೋಡಿರಲಿಲ್ಲ. ಹೆಡ್ ಕಾನ್‌ಸ್ಟೆಬಲ್ ಕಿರಣ್‌ಭಾಯ್ ಕೆಳಗೆ ನಿಂತೇ ಪಂಚನಾಮೆ ಮುಗಿಸಿದ್ದ. ಅದರ ಮೊದಲ ಪುಟವನ್ನಂತೂ ಜೀಪಿನಲ್ಲೇ ಬರೆದಿದ್ದ. ಟ್ಯಾಂಕಿನ ಸಾವುಗಳೆಲ್ಲ ಒಂದೇ ತರಹ, ಬೇರೆ ಏನಿರಲು ಸಾಧ್ಯ ಎಂಬುದು ಅವನ ಲೆಕ್ಕ. ಇನ್‌ಸ್ಪೆಕ್ಟರು ಚಹಾ ಕುಡಿಯುತ್ತ ಸಹಿ ಹಾಕಿದ್ದರು. ಈಗ ಆ ಹುಡುಗಿಯ ಮುಖ ನೋಡಿ ಅವರಿಗೆ ನಾಚಿಕೆಯಾಯಿತು.

ದೂರು ಬರೆಸಿಕೊಂಡು ಎದ್ದರು. "ಸಾಹೇಬ್, ಫೈಲು ಮುಗಿದ ಹಾಗೇ ಅಲ್ಲವೇ?" ಎಂದು ಕಿರಣ್‌ಭಾಯ್ ಗುಜರಾತಿಯಲ್ಲಿ ಗೊಣಗಿದ.

"ಮುಗಿದ ಹಾಗೆ ಅಷ್ಟೇ, ಮುಗಿದಿಲ್ಲ. ಜೀಪು ತೆಗಿ."

ಬೆಳಿಗ್ಗೆ ೧೧.೫೦. ಕಾರ್ಖಾನೆಯಲ್ಲಿ ಮಂಥನ್ ಸತ್ತ ಮೂರನೇ ನಂಬರಿನ ಟ್ಯಾಂಕಿಗೆ ಹದಿನೆಂಟು ಕಬ್ಬಿಣದ ಮೆಟ್ಟಿಲು. ಗೋಪಾಲಕೃಷ್ಣ ಒಂದೊಂದಕ್ಕೂ ಮಂಡಿಯನ್ನು ಬೈಯುತ್ತ ಹತ್ತಿದರು. ಮೇಲೆ ಮುಚ್ಚಳದ ಬಳಿ ಗಾಳಿ ಊದುವ ಬ್ಲೋವರ್ ಇತ್ತು. ಆಪರೇಟರ್ ವಿವರಿಸಿದ: ಬೆಂಕಿ ಹತ್ತದಿರಲೆಂದು ಸೋಮವಾರ ಸಂಜೆ ಟ್ಯಾಂಕಿಗೆ ನೈಟ್ರೋಜನ್ ತುಂಬಿಸಿದ್ದರು. ಅದನ್ನು ಹೊರಹಾಕಲು ಬೆಳಗಿನವರೆಗೆ ಬ್ಲೋವರ್ ಓಡಬೇಕು. ಆದರೆ ಲಾಗ್ ಪುಸ್ತಕದ ಪ್ರಕಾರ ಅದು ಶುರುವಾದ ಅರ್ಧ ಗಂಟೆಗೇ ಟ್ರಿಪ್ ಆಗಿ ನಿಂತಿತ್ತು. ನೈಟ್ರೋಜನ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ. ಎರಡು ಉಸಿರಿಗೆ ಮನುಷ್ಯ ಬೀಳುತ್ತಾನೆ.

ಸೇಫ್ಟಿ ಆಫೀಸಿನಲ್ಲಿ ಹಾಲೇಶ ರಿಜಿಸ್ಟರ್ ತಂದಿಟ್ಟ. ಯಾರೇ ಟ್ಯಾಂಕಿಗೆ ಇಳಿಯುವ ಮೊದಲು ಒಳಗಿನ ಆಮ್ಲಜನಕವನ್ನು ಮೀಟರ್ ಹಿಡಿದು ಅಳೆದು ಬರೆದು, ಆಮೇಲೆ ಪರ್ಮಿಟ್ ಕೊಡಬೇಕು. ಒಳ್ಳೆಯ ಗಾಳಿಗೆ ಶೇಕಡಾ ೨೦.೯ ಬರುತ್ತದೆ. ಪುಟ ಮಗುಚಿದಂತೆಲ್ಲ ೨೦.೯, ೨೦.೯, ೨೦.೯.

"ಅಪ್ಪಿತಪ್ಪಿಯೂ ಒಂದು ೨೦.೮ ಇಲ್ಲವಲ್ಲ ಮಾರಾಯ," ಅಂದರು ಗೋಪಾಲಕೃಷ್ಣ. "ಹನ್ನೊಂದನೇ ತಾರೀಖಿನದು?"

"ಪರ್ಮಿಟ್ ಯಾರೂ ಕೇಳ್ಲಿಲ್ಲ ಸಾರ್. ಅದಕ್ಕೇ ಅಳೀಲಿಲ್ಲ."

ಪರ್ಮಿಟ್ ಪುಸ್ತಕದಲ್ಲಿ ೩೧೬ ಆದ ಮೇಲೆ ೩೧೮ ಇತ್ತು.

"೩೧೭ ಎಲ್ಲಿ?"

"ಬರೆಯುವಾಗ ತಪ್ಪಾಯ್ತು. ಹರಿದು ಬಿಸಾಕಿದೆ."

"ಮೀಟರ್ ತೋರಿಸು."

ಮೀಟರಿನ ಬೆನ್ನಿಗೆ ಸೂರತ್‌ನ ತಪಾಸಣಾ ಲ್ಯಾಬ್ ಒಂದರ ಹೊಸ ಸ್ಟಿಕ್ಕರ್ ಇತ್ತು. ನವೆಂಬರ್ ೧೦ರ ದಿನಾಂಕ.

"ಸೂರತ್‌ನಿಂದ ಯಾವಾಗ ಬಂತು?"

"ಅದು... ಮೊನ್ನೆನೇ ಬಂತು ಸಾರ್."

ಗೋಪಾಲಕೃಷ್ಣ ಸ್ಟಿಕ್ಕರಿನ ಮೇಲಿದ್ದ ನಂಬರಿಗೆ ಅಲ್ಲಿಂದಲೇ ಫೋನ್ ಮಾಡಿದರು. ಲ್ಯಾಬಿನ ಸ್ವಾತಿ ಎಂಬಾಕೆ ಪುಸ್ತಕ ನೋಡಿ ಓದಿದಳು: ಮೀಟರ್ ಬಂದದ್ದು ಮೂರನೇ ತಾರೀಖು, ಕೊರಿಯರ್‌ಗೆ ಕೊಟ್ಟದ್ದು ಹನ್ನೊಂದರ ಸಂಜೆ. ಅಂದರೆ ನಾಲ್ಕರಿಂದ ಹತ್ತರವರೆಗೆ ರಿಜಿಸ್ಟರಿನಲ್ಲಿದ್ದ ಒಂದೊಂದು ೨೦.೯ನ್ನೂ ಮೀಟರ್ ಇಲ್ಲದೆಯೇ ಬರೆದದ್ದು. ಹಾಲೇಶ ನೀರು ಕುಡಿಯಲು ಹೋಗಿ ಲೋಟವನ್ನು ಹಾಗೇ ಕೆಳಗಿಟ್ಟ.

ಪಂಚರ ಎದುರು ರಿಜಿಸ್ಟರ್, ಪರ್ಮಿಟ್ ಪುಸ್ತಕ, ಮೀಟರ್ ಮೂರೂ ಮುದ್ದೆಮಾಲಾಗಿ ವಶಕ್ಕೆ ಬಂದವು. ಅಂಗಳದ ಬಿಸಿಲಲ್ಲಿ ಗೋಪಾಲಕೃಷ್ಣ ೩೧೮ರ ಖಾಲಿ ಹಾಳೆಯನ್ನು ಓರೆಯಾಗಿ ಹಿಡಿದರು. ಮೇಲಿನ ಹಾಳೆಯಲ್ಲಿ ಒತ್ತಿ ಬರೆದದ್ದು ಕೆಳಗೆ ಗೀರಾಗಿ ಉಳಿದಿತ್ತು. ಟ್ಯಾಂಕ್ ೩. ಮಂಥನ್. ೯.೦೫. ೨೦.೯. ಕೆಳಗೆ ಹಾಲೇಶನ ಸಹಿ. ಕಿರಣ್‌ಭಾಯ್ ಈ ಸಲ ಜೀಪಿನ ಬಾನೆಟ್ ಮೇಲೆ ಕಾಗದವಿಟ್ಟು, ನೋಡಿ ನೋಡಿ ಒಂದೊಂದೇ ಸಾಲು ಬರೆದ. ಹಾಳೆ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಯಿತು.

ನವೆಂಬರ್ ೧೩. ಬೆಳಗಿನ ರೈಲಿಗೆ ಸೂರತ್‌ಗೆ ಹೋಗಿದ್ದ ಕಿರಣ್‌ಭಾಯ್ ಲ್ಯಾಬಿನ ದಾಖಲೆಗಳೊಂದಿಗೆ ಮರಳಿದ. ಸಂಜೆ ೪.೧೦ಕ್ಕೆ ಹಾಲೇಶನ ವಿಚಾರಣೆ ಶುರುವಾಯಿತು.

"ಮೀಟರ್ ಸೂರತ್‌ನಲ್ಲಿತ್ತು. ೨೦.೯ ಎಲ್ಲಿಂದ ತಂದೆ?"

"ಎರಡು ವರ್ಷ ದಿನಾ ಹಿಡಿದಿದೀನಿ ಸಾರ್. ಒಂದಿನಾನೂ ಬೇರೆ ಬರ್ಲಿಲ್ಲ. ಇನ್ನೊಂದು ಮೀಟರ್ ಕೊಡಿಸಿ ಅಂತ ಕೇಳ್ದೆ. ಪ್ರಾಕ್ಟಿಕಲ್ ಆಗಿ ಯೋಚನೆ ಮಾಡು ಅಂದ್ರು ಮ್ಯಾನೇಜರ್. ಹಂಗೇ ಮಾಡ್ದೆ."

"ಬ್ಲೋವರ್ ಓಡ್ತಿತ್ತಾ?"

"ಓಡಿರುತ್ತೆ ಅನ್ಕೊಂಡೆ."

"ಪರ್ಮಿಟ್ ಯಾವಾಗ ಹರಿದೆ?"

"ಅವನನ್ನ ಆಂಬುಲೆನ್ಸ್‌ಗೆ ಹತ್ತಿಸಿ ಬಂದ್ಮೇಲೆ." ಅವನು ಅಳತೊಡಗಿದ. "ಅಕ್ಕನ ಹತ್ರ ಹೇಳ್ಬೇಕು ಅಂತಾನೇ ಠಾಣೆಗೆ ಜೊತೇಲಿ ಬಂದೆ ಸಾರ್. ಬಾಯೇ ಬರ್ಲಿಲ್ಲ."

೫.೩೫ಕ್ಕೆ ಎಫ್‌ಐಆರ್ ಆಯಿತು: ನಿರ್ಲಕ್ಷ್ಯದಿಂದ ಸಾವು, ಸಾಕ್ಷ್ಯನಾಶ. ಮ್ಯಾನೇಜರ್ ಎರಡನೇ ಆರೋಪಿ, ಅವನನ್ನು ಕರೆತರಲು ಜೀಪು ಹೋಯಿತು. ೫.೫೨ಕ್ಕೆ ಹಾಲೇಶನ ಬಂಧನ. ಕಿರಣ್‌ಭಾಯ್ ಅಭ್ಯಾಸಬಲದಿಂದ ಆರು ಗಂಟೆ ಎಂದು ಬರೆದು, ಗಡಿಯಾರ ನೋಡಿ ಹೊಡೆದು ಹಾಕಿ ತಿದ್ದಿದ.

ವರಾಂಡದ ಬೆಂಚಿನಲ್ಲಿ ಕೂತಿದ್ದ ತುಂಗಾಳಿಗೆ ಗೋಪಾಲಕೃಷ್ಣ ಎಲ್ಲ ಹೇಳಿದರು. ಹಾಲೇಶನನ್ನು ಕರೆತಂದಾಗ ಎದ್ದು ನಿಂತಳು.

"ಮಂಥು ಏನೂ ಕೇಳ್ಲಿಲ್ವೇನೋ?"

"ಕೇಳ್ದ ಅಕ್ಕಾ. ಮುಚ್ಚಳದ ಹತ್ರ ನಿಂತು, ನೋಡಿದ್ಯಾ ಅಂದ. ನೋಡ್ದೆ ಅಂದೆ. ನಾನ್ ಹೇಳ್ದೆ ಅಂತಾನೇ ಇಳ್ದ."

ಅವನನ್ನು ಒಳಗೆ ಕರೆದೊಯ್ದರು. ಗೋಪಾಲಕೃಷ್ಣ ಮೇಜಿಗೆ ಬಂದು ವರದಿ ಬರೆಯಲು ಕೂತರು. ಆರೋಪಿಗೆ ಮೃತನ ಮೇಲೆ ದ್ವೇಷವಿರಲಿಲ್ಲ. ಇಬ್ಬರೂ ಒಂದೇ ಕುಕ್ಕರಿನ ಅನ್ನ ಉಣ್ಣುತ್ತಿದ್ದರು. ಎರಡು ವರ್ಷ ಸರಿಯಾಗಿದ್ದ ಅಳತೆ ಆ ದಿನವೂ ಸರಿಯಿರುತ್ತದೆಂದು ನಂಬಿದ್ದು ಬಿಟ್ಟರೆ ಬೇರೆ ಕಾರಣ ಕಂಡುಬರಲಿಲ್ಲ. ಇಷ್ಟು ಬರೆದು, ಮೊದಲ ಪಂಚನಾಮೆಯನ್ನು ಫೈಲಿಗೆ ಸೇರಿಸಿ, ಸ್ಥಳವನ್ನು ತಾನು ಖುದ್ದಾಗಿ ನೋಡದೆ ಸಹಿ ಮಾಡಿದ್ದೆಂದು ಅದರ ಅಂಚಿನಲ್ಲಿ ಷರಾ ಹಾಕಿದರು.

ತುಂಗಾ ಬಾಗಿಲಲ್ಲಿ ನಿಂತಿದ್ದಳು.

"ನಿನ್ನೆ ನೀವು ಕೇಳಿದಾಗ ನೋಡಿದ್ದೇವೆ ಅಂದೆನಲ್ಲಮ್ಮ, ಅದು ಸುಳ್ಳು," ಅಂದರು ಅವರು.

"ಗೊತ್ತಾಯ್ತು ಸಾರ್, ಆಗಲೇ." ಅವಳು ಮೇಜಿನ ಮೇಲಿನ ಕಾಗದದತ್ತ ನೋಡಿದಳು. "ಅದರಲ್ಲಿ ಇದನ್ನೂ ಬರೀರಿ. ಇಳಿಯೋ ಮೊದಲು ಅವನು ಕೇಳಿದ್ದ ಅಂತ."

ಗೋಪಾಲಕೃಷ್ಣ ಪೆನ್ನು ತೆಗೆದರು. ಅವರು ಬರೆದು ಮುಗಿಸುವವರೆಗೂ ಅವಳು ಪಕ್ಕದಲ್ಲೇ ನಿಂತು ನೋಡಿದಳು.